ಸೌರವಿದ್ಯುತ್ ಮತ್ತು ಕರ್ನಾಟಕದ ವಿದ್ಯುತ್ ಜಾಲ

ಸೌರವಿದ್ಯುತ್ತು ಕರ್ನಾಟಕದ ಜಾಲಕ್ಕೆ ದೊಡ್ಡ ಪ್ರಮಾಣದಲ್ಲಿ ಸೇರತೊಡಗಿದ್ದು 2014ರ ರಾಜ್ಯ ಸೌರ ನೀತಿಯ ನಂತರ. ಅದಕ್ಕೂ ಮೊದಲು ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮವು 3 ಮೆಗಾವ್ಯಾಟ್‌ನ ಸ್ಥಾವರ ನಡೆಸುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಂದಿನಿಂದ ರಾಜ್ಯ ಬಹುಕಾಲ ನೀರನ್ನೇ ನೆಚ್ಚಿಕೊಂಡಿತ್ತು. ಮಳೆ ಕೈಕೊಟ್ಟ ವರ್ಷ ಲೋಡ್ ಶೆಡ್ಡಿಂಗ್ ತಪ್ಪುತ್ತಿರಲಿಲ್ಲ.

ಸೌರವಿದ್ಯುತ್ತಿನ ಈ ಬೆಳವಣಿಗೆಯ ಮುಖ್ಯ ನೆಲೆ ತುಮಕೂರು ಜಿಲ್ಲೆಯ ಪಾವಗಡ. ಪದೇ ಪದೇ ಬರಕ್ಕೆ ತುತ್ತಾಗುವ ಈ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ‘ಶಕ್ತಿಸ್ಥಳ’ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿ ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಹೆಚ್ಚಳ ಎಂಬುದು ಕರಾರು. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ರೈತನಿಗೆ ಇದರಿಂದ ಖಚಿತ ಆದಾಯ ಸಿಕ್ಕಿತು. ಆ ಹೊಲಗಳಲ್ಲೇ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಗುತ್ತಿಗೆ ಹಣವೂ ಇಲ್ಲ, ಮೊದಲಿನ ಕೆಲಸವೂ ಇಲ್ಲ. ಪಾವಗಡದ ಯಶಸ್ಸನ್ನು ಹೇಳುವಾಗ ಇದನ್ನು ಮರೆಯುವುದು ಅನ್ಯಾಯ.

ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸರಿದೂಗಬೇಕು. ಆಗ ಮಾತ್ರ ಆವರ್ತನ 50 ಹರ್ಟ್ಸ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಜಲ ಮತ್ತು ಉಷ್ಣ ಸ್ಥಾವರಗಳಲ್ಲಿ ತಿರುಗುವ ಭಾರಿ ಯಂತ್ರಗಳು ತಮ್ಮ ಜಡತ್ವದಿಂದಲೇ ಸಣ್ಣ ಏರುಪೇರುಗಳನ್ನು ತಾಳಿಕೊಳ್ಳುತ್ತವೆ. ಸೌರಫಲಕಗಳಿಂದ ಇನ್ವರ್ಟರ್ ಮೂಲಕ ಬರುವ ವಿದ್ಯುತ್ತಿಗೆ ಸಹಜವಾಗಿ ಆ ಗುಣವಿಲ್ಲ. ಮೋಡ ಕವಿದರೆ ಉತ್ಪಾದನೆ ನಿಮಿಷಗಳಲ್ಲೇ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ಪರೀಕ್ಷೆ ಸಂಜೆಯದು: ಹೊತ್ತು ಮುಳುಗುತ್ತಿದ್ದಂತೆ ಸೌರವಿದ್ಯುತ್ ಪೂರ್ತಿ ನಿಲ್ಲುತ್ತದೆ, ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ ಶುರುವಾಗುತ್ತವೆ. ಕಲ್ಲಿದ್ದಲು ಘಟಕಗಳನ್ನು ಹಗಲು ತಗ್ಗಿಸಬಹುದಾದರೂ ಅದಕ್ಕೆ ಮಿತಿಯಿದೆ. ಆರಿಸಿ ಮತ್ತೆ ಹೊತ್ತಿಸಲು ತಾಸುಗಟ್ಟಲೆ ಬೇಕು. ಹಾಗಾಗಿ ಕ್ಷಿಪ್ರವಾಗಿ ಚಾಲೂ ಆಗುವ ಶರಾವತಿಯಂಥ ಜಲವಿದ್ಯುತ್ ಕೇಂದ್ರಗಳು ಸಂಜೆಯ ಆಸರೆಯಾಗಿವೆ.

ಹಗಲಿನ ವಿದ್ಯುತ್ತನ್ನು ಹಗಲಲ್ಲೇ ಬಳಸುವುದು ಅಗ್ಗದ ದಾರಿ. ನೀರಾವರಿ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟನ್ನು ಹಗಲು ಪಾಳಿಗೆ ತರಲು ಸಾಧ್ಯವಾದದ್ದು ಈ ಕಾರಣದಿಂದ. ಟಾರ್ಚ್ ಹಿಡಿದು, ಹಾವಿಗೆ ಅಂಜುತ್ತ ನಡುರಾತ್ರಿ ಮೋಟಾರ್ ಹಾಕಲು ಹೋಗುತ್ತಿದ್ದ ರೈತನಿಗೆ ಇದಕ್ಕಿಂತ ದೊಡ್ಡ ಉಪಕಾರ ಸೌರಶಕ್ತಿಯಿಂದ ಬೇರೆ ಆಗಿಲ್ಲ. ಹೆಚ್ಚುವರಿಯನ್ನು ಹೊರರಾಜ್ಯಕ್ಕೆ ಕಳಿಸಲೂ ಅವಕಾಶವಿದೆ: 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ರಾಷ್ಟ್ರೀಯ ಜಾಲದೊಡನೆ ಒಂದಾಯಿತು.

ಉಳಿದಿರುವುದು ಸಂಗ್ರಹದ ಪ್ರಶ್ನೆ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ; ಹಗಲು ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವುದು ಅದರ ಕ್ರಮ. ಯೋಜನೆಯ ಸ್ಥಳ ಸಿಂಗಳೀಕಗಳ ನೆಲೆಯಾದ ಶರಾವತಿ ಕಣಿವೆಯ ಅಭಯಾರಣ್ಯದಲ್ಲಿರುವುದರಿಂದ ಪರಿಸರವಾದಿಗಳು ತೀವ್ರವಾಗಿ ವಿರೋಧಿಸಿದ್ದಾರೆ. ಬ್ಯಾಟರಿ ಸಂಗ್ರಹಾಗಾರವನ್ನು ಈಗಿರುವ ಸಬ್‌ಸ್ಟೇಷನ್‌ಗಳ ಪಕ್ಕದಲ್ಲೇ ಕಟ್ಟಬಹುದು, ಅದಕ್ಕಾಗಿ ಕಾಡು ಕಡಿಯಬೇಕಿಲ್ಲ.