ಬಾ, ಬರ್ರಿ, ದಯಮಾಡಿಸಿ: ಕ್ರಿಯಾಪದದಲ್ಲಿ ಅಡಗಿರುವ ಮರ್ಯಾದೆಯ ಚರಿತ್ರೆ

ನಿಮ್ಮ ಮನೆಯ ಬಾಗಿಲನ್ನು ಯಾರೋ ತಟ್ಟುತ್ತಾರೆ. ನೀವು ಎದ್ದುಹೋಗಿ ನೋಡುತ್ತೀರಿ. ಬಂದವರು ಬೀಗರಾದರೆ ‘ಬರ್ರಿ ಬರ್ರಿ’ ಎನ್ನುತ್ತೀರಿ. ಮಠದ ಸ್ವಾಮಿಗಳಾದರೆ ‘ದಯಮಾಡಿಸಬೇಕು’ ಎಂದು ಪಕ್ಕಕ್ಕೆ ಸರಿಯುತ್ತೀರಿ. ಬಾಲ್ಯದ ಗೆಳೆಯನಾದರೆ ‘ಬಾರೋ’ ಎನ್ನುತ್ತೀರಿ. ಹೆಪ್ಪಿಗೆ ಮಜ್ಜಿಗೆ ಬೇಡಲು ಬಂದ ನೆರೆಮನೆಯ ಹುಡುಗಿಯಾದರೆ ‘ಬಾರೇ’. ಬರುವ ಕ್ರಿಯೆ ಒಂದೇ, ಬಂದವರ ಕಾಲುಗಳೂ ಎರಡೇ. ಆದರೂ ನಾಲಗೆ ಅರೆಕ್ಷಣದಲ್ಲಿ ವಯಸ್ಸು, ನಂಟು, ಹಣ, ಅಧಿಕಾರ, ಕೆಲವೊಮ್ಮೆ ಜಾತಿ, ಇವೆಲ್ಲವನ್ನೂ ತೂಗಿ ನೋಡಿ ತಕ್ಕ ರೂಪವನ್ನು ಹೊರಗೆಡಹುತ್ತದೆ. ಈ ತಕ್ಕಡಿಯನ್ನು ನಮ್ಮ ಕೈಗೆ ಕೊಟ್ಟವರು ಯಾರು? ಅದರ ಕಲ್ಲುಗಳು ಕಾಲಕಾಲಕ್ಕೆ ಹೇಗೆ ಬದಲಾದವು? ಇದೇ ಇಂದಿನ ವಿಚಾರ.

ಮೊದಲು ನಮ್ಮ ಸೀಮೆಯಿಂದಲೇ ಹೊರಡೋಣ. ಹಚ್ಚೊಳ್ಳಿ ಇರುವುದು ಸಿರುಗುಪ್ಪ ತಾಲೂಕಿನಲ್ಲಿ, ಆಂಧ್ರದ ಗಡಿಗೆ ಸಮೀಪದಲ್ಲಿ. ಇದೇ ತಾಲೂಕಿನ ನಿಟ್ಟೂರು, ಉಡೇಗೋಳಗಳ ಬಂಡೆಗಳ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ 3ನೆಯ ಶತಮಾನದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಂದೆತಾಯಿಗಳ ಮಾತು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕ ರೀತಿಯಲ್ಲಿ ನಡೆದುಕೊಳ್ಳಬೇಕು ಎಂಬುದು ಈ ವರ್ಗದ ಶಾಸನಗಳ ಬೋಧೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಶಾಸನವಂತೂ ಇನ್ನೂ ಸ್ವಾರಸ್ಯವಾದದ್ದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆಜ್ಞೆಯನ್ನು ತಿಳಿಸುವ ಮುನ್ನ ಅವರ ಆರೋಗ್ಯವನ್ನು ವಿಚಾರಿಸುತ್ತಾರೆ. ಮೇಲಿನವರು ಕೆಳಗಿನವರಿಗೆ ಅಪ್ಪಣೆ ಕೊಡುವಾಗಲೂ ಮೊದಲು ಕ್ಷೇಮಸಮಾಚಾರ ಕೇಳುವ ಪದ್ಧತಿ ನಮ್ಮ ನೆಲದ ಕಲ್ಲಿನಲ್ಲಿ ಇಷ್ಟು ಹಿಂದೆಯೇ ಮೂಡಿದೆ.

ಇನ್ನು ಕನ್ನಡಕ್ಕೆ ಬರೋಣ. ಹಳಗನ್ನಡದಲ್ಲಿ ಒಬ್ಬನಿಗೆ ‘ನೀನ್’, ಹಲವರಿಗೆ ‘ನೀಂ’. ಒಬ್ಬನಿಗೆ ‘ಕೇಳ್’, ಹಲವರಿಗೆ ‘ಕೇಳಿಂ’. ನಡುಗನ್ನಡದಲ್ಲಿ ಇದು ‘ಕೇಳಿರಿ’ ಆಯಿತು. ಇದು ಬರಿಯ ಎಣಿಕೆಯ ಲೆಕ್ಕ. ಆದರೆ ಒಬ್ಬನೇ ಇದ್ದರೂ ಹಲವರೆಂಬಂತೆ ಕಂಡು ಮಾತನಾಡಿಸುವ ರೂಢಿಯೂ ಹಳೆಯದೇ. 10ನೆಯ ಶತಮಾನದ ಗದ್ಯಗ್ರಂಥ ‘ವಡ್ಡಾರಾಧನೆ’ಯಲ್ಲಿ ಜೈನಮುನಿ ಒಬ್ಬರೇ ಇದ್ದರೂ ‘ಭಟ್ಟಾರರ್’ ಎಂದು ಬಹುವಚನದಲ್ಲಿ ಕರೆಯಲ್ಪಡುತ್ತಾರೆ. ಸ್ವಾರಸ್ಯವೇನೆಂದರೆ, ಪಂಪನಿಂದ ಕುಮಾರವ್ಯಾಸನವರೆಗೆ ಕಾವ್ಯಗಳಲ್ಲಿ ಅರ್ಜುನನೂ ಕರ್ಣನೂ ಕೃಷ್ಣನೂ ಬಹುಮಟ್ಟಿಗೆ ಏಕವಚನದಲ್ಲಿಯೇ ಬರುತ್ತಾರೆ, ಹೋಗುತ್ತಾರೆ, ಕಾದುತ್ತಾರೆ. ಅದರಿಂದ ಅವರ ಘನತೆಗೆ ಏನೂ ಕೊರತೆಯಾಗಲಿಲ್ಲ.

ಹಿಂದಿನವರು ಗೌರವವನ್ನು ತೋರಿದ್ದು ಪ್ರತ್ಯಯದಲ್ಲಿ ಮಾತ್ರವಲ್ಲ, ಧಾತುವಿನ ಆಯ್ಕೆಯಲ್ಲಿಯೂ ಹೌದು. ಸಾಮಾನ್ಯನು ‘ಬರುತ್ತಾನೆ’, ಅರಸನು ‘ಬಿಜಯಂಗೆಯ್ಯುತ್ತಾನೆ’. ಆಳು ‘ಬಿನ್ನಪಂಗೆಯ್ಯುತ್ತಾನೆ’; ಒಡೆಯ ‘ಬೆಸಸುತ್ತಾನೆ’. ನಾವು ಉಣ್ಣುತ್ತೇವೆ, ದೇವರಿಗೂ ದೊಡ್ಡವರಿಗೂ ಆಗುವುದು ‘ಆರೋಗಣೆ’. ನಾವು ಕೇಳುತ್ತೇವೆ, ಒಡೆಯರು ‘ಚಿತ್ತೈಸುತ್ತಾರೆ’. ಸಾವು ಎಲ್ಲರನ್ನೂ ಸಮಮಾಡುತ್ತದೆ ಎಂಬ ಮಾತಿದೆಯಷ್ಟೆ; ಶಬ್ದಕೋಶ ಮಾತ್ರ ಅದನ್ನು ಒಪ್ಪುವುದಿಲ್ಲ. ತುರುಗಳನ್ನು ಬಿಡಿಸಲು ಹೋಗಿ ಮಡಿದ ಊರಿನ ವೀರನನ್ನು ಅನೇಕ ವೀರಗಲ್ಲುಗಳು ‘ಸತ್ತಂ’ ಎಂದು ನೇರವಾಗಿ ಹೇಳುತ್ತವೆ. ಕೆಲವು ಅವನನ್ನು ಸುರಲೋಕಕ್ಕೆ ಏರಿಸುತ್ತವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 7ನೆಯ ಶತಮಾನದಿಂದ ದೊರೆಯುವ ನಿಸಿದಿ ಶಾಸನಗಳಲ್ಲಿ ವ್ರತ ಹಿಡಿದು ದೇಹ ಬಿಟ್ಟ ಮುನಿಗಳು ‘ಮುಡಿಪಿದರ್’, ಎಂದರೆ ನೋಂಪಿಯನ್ನು ಮುಗಿಸಿದರು. ಇಂದಿಗೂ ನೋಡಿ: ನಾಯಿ ಸಾಯುತ್ತದೆ, ನೆರೆಯವರು ತೀರಿಕೊಳ್ಳುತ್ತಾರೆ, ಹಿರಿಯರು ದೈವಾಧೀನರಾಗುತ್ತಾರೆ, ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ.

ಇದು ನಮ್ಮಲ್ಲಿ ಮಾತ್ರ ಇರುವ ವಿಚಿತ್ರವೆಂದು ತಿಳಿಯಬೇಡಿ. ಬಹುದೂರದ ಕೊರಿಯಾ ದೇಶದವರ ಭಾಷೆಯನ್ನು ತೆಗೆದುಕೊಳ್ಳಿ. 1446ರಲ್ಲಿ ಸೇಜೋಂಗ್ ದೊರೆ ಪ್ರಕಟಿಸಿದ ಅಕ್ಷರಮಾಲೆಯಲ್ಲಿ ಬರೆಯುವ ಭಾಷೆ ಅದು. ಅಲ್ಲಿ ಮಗು ಮಲಗುವುದಕ್ಕೆ ‘ಚಾದಾ’ ಎಂಬ ಕ್ರಿಯಾಪದ, ಅಜ್ಜ ಮಲಗುವುದಕ್ಕೆ ‘ಚುಮುಶಿದಾ’ ಎಂಬ ಬೇರೆಯೇ ಕ್ರಿಯಾಪದ. ಸಾಯುವುದಕ್ಕೆ ‘ಚುಕ್ತಾ’, ಹಿರಿಯರ ವಿಷಯದಲ್ಲಿ ಹಾಗೆನ್ನದೆ, ‘ಮರಳಿ ಹೋದರು’ ಎಂಬ ಅರ್ಥದ ಮಾತನ್ನು ಬಳಸುತ್ತಾರೆ. ಅಷ್ಟೇ ಅಲ್ಲ, ಆ ಭಾಷೆಯ ಕ್ರಿಯಾಪದದಲ್ಲಿ ಗೌರವಕ್ಕೆ ಎರಡು ಗೂಡುಗಳಿವೆ. ಯಾರ ವಿಷಯ ಹೇಳುತ್ತೇವೆಯೋ ಅವರಿಗೆ ಒಂದು, ಯಾರಿಗೆ ಹೇಳುತ್ತೇವೆಯೋ ಅವರಿಗೆ ಇನ್ನೊಂದು. ಅಜ್ಜನ ವಿಷಯವನ್ನು ತಮ್ಮನಿಗೆ ಹೇಳುವಾಗ ಮೊದಲಿನ ಗೂಡು ಮಾತ್ರ ತುಂಬುತ್ತದೆ. ಗುರುಗಳಿಗೆ ಹೇಳುವಾಗ ಎರಡೂ ತುಂಬಬೇಕು. ಅಲ್ಲಿನ ಭಾಷೆಯನ್ನು ಹೊಸದಾಗಿ ಕಲಿಯುವವರು ತಡವರಿಸುವ ಸ್ಥಳ ಇದು.

ನಮ್ಮ ಬಳ್ಳಾರಿ ಸೀಮೆಯ ಮಕ್ಕಳು ಮಾತ್ರ ಅಲ್ಲಿ ತಡವರಿಸಲಾರರು. ಏಕೆಂದರೆ ಇದೇ ಚಮತ್ಕಾರವನ್ನು ಅವರು ದಿನವೂ ಮಾಡುತ್ತಿರುತ್ತಾರೆ. ‘ನಮ್ಮಪ್ಪ ಬಂದಾನ್ರಿ’ ಎಂದು ಹುಡುಗನು ಮೇಷ್ಟರಿಗೆ ಹೇಳುತ್ತಾನೆ. ‘ಬಂದಾನ’ ಎಂಬ ಏಕವಚನ ಅಪ್ಪನಿಗೆ; ತುದಿಯ ‘ರಿ’ ಎಂಬ ಬಹುವಚನ ಮೇಷ್ಟರಿಗೆ. ಅದೇ ಹುಡುಗ ಬೀದಿಯಲ್ಲಿ ಗೆಳೆಯನಿಗೆ ‘ಗೌಡ್ರು ಬಂದಾರಲೇ’ ಎನ್ನುತ್ತಾನೆ. ಇಲ್ಲಿ ಬಹುವಚನ ಗೌಡರಿಗೆ, ‘ಲೇ’ ಗೆಳೆಯನಿಗೆ. ಹಿಂದೆ ಹೇಳಿದ ‘ಕೇಳಿರಿ’ಯ ಬಾಲದಲ್ಲಿರುವ ‘ರಿ’ಯೇ ಕಳಚಿಕೊಂಡು ಬಂದು ‘ಹೌದ್ರಿ’, ‘ಇಲ್ರಿ’, ‘ಎಲ್ಲಿಗ್ರಿ’ ಎಂದು ಕಂಡಕಂಡ ಪದಕ್ಕೆ ಅಂಟಿಕೊಂಡಂತೆ ತೋರುತ್ತದೆ. ಗೃಹಿಣಿಯರ ಬಾಯಲ್ಲಿ ಅದು ಪತಿಯ ಹೆಸರೇ ಆಗಿಬಿಟ್ಟಿದೆ: ‘ರೀ!’ ಆ ಕಡೆಯಿಂದ ಮರಳಿ ಬರುವ ಮಾತಿನಲ್ಲಿ ‘ರೀ’ ಇರುತ್ತದೆಯೇ ಎಂಬುದನ್ನು ಓದುಗರು ತಮ್ಮ ತಮ್ಮ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು.

ಗಡಿಯ ಊರಾದ್ದರಿಂದ ನಮ್ಮ ಕಿವಿಗೆ ಇತರ ಭಾಷೆಗಳ ತಕ್ಕಡಿಯೂ ಪರಿಚಿತವೇ. ತೆಲುಗಿನಲ್ಲಿ ‘ವಾಡು, ಅತನು, ಆಯನ, ವಾರು’ ಎಂದು ನಾಲ್ಕು ಮೆಟ್ಟಿಲು. ನಮ್ಮಲ್ಲಿ ‘ಅವನು, ಆತ, ಅವರು’ ಎಂದು ಮೂರು. ಉರ್ದುವಿನಲ್ಲಿ ‘ತೂ, ತುಮ್, ಆಪ್’. ತೆಲುಗರು ಆದರದಿಂದ ‘ಬನ್ನಿ’ ಎಂದು ಕರೆಯುವ ಮಾತು ಉರ್ದುವಿನಲ್ಲಿ ದೊಡ್ಡ ಬೈಗುಳ. ಅದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಗಡಿಯವರು ಅದನ್ನು ನೆನೆದು ನಗುತ್ತಾರೆ. ಆದರೆ ಕರೆದವನ ಕೈ ಮುಗಿದಿರುವುದನ್ನು ಕಂಡು ಅರ್ಥವನ್ನು ಸರಿಯಾಗಿಯೇ ಹಿಡಿಯುತ್ತಾರೆ.

ಆಳಿಕೆಯೂ ಈ ತಕ್ಕಡಿಗೆ ತನ್ನ ಕಲ್ಲುಗಳನ್ನು ಸೇರಿಸಿತು. ಫಾರಸಿ ಬಲ್ಲ ಆಸ್ಥಾನಗಳಿಂದ ‘ಹುಜೂರು’, ‘ಅರ್ಜಿ’ಗಳು ಬಂದವು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರನಾಗಿದ್ದನು. ಮುಂದೆ ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಗಣ್ಯರ ಹೆಸರಿನ ಹಿಂದೆ ‘ಮ॥ ರಾ॥ ರಾ॥ ಶ್ರೀ’, ಎಂದರೆ ‘ಮಹಾರಾಜರಾಜಶ್ರೀ’, ಎಂದು ಬರೆಯುವ ಸಂಪ್ರದಾಯವಿತ್ತು. ಕಚೇರಿಯ ಸಾಮಾನ್ಯ ಕಾಗದದಲ್ಲಿಯೂ ಮಹಾರಾಜರು ತುಂಬಿ ತುಳುಕುತ್ತಿದ್ದರು! ಆದರೆ ಅದೇ ಕಾಲದಲ್ಲಿ ಹೊಲದಲ್ಲಿ ದುಡಿಯುವವನಿಗೆ ಬರಿಯ ಹೆಸರೂ ಪೂರ್ತಿಯಾಗಿ ಸಿಗುತ್ತಿರಲಿಲ್ಲ. ಹನುಮಂತ ಹನುಮ್ಯಾ ಆಗುತ್ತಿದ್ದ, ಮಾರೆಪ್ಪ ಮಾರ್ಯಾ ಆಗುತ್ತಿದ್ದ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನೂ, 18ನೆಯದು ಬಿರುದುಬಾವಲಿಗಳನ್ನೂ ರದ್ದುಮಾಡಿತು. 1953ರ ಅಕ್ಟೋಬರ್ 1ರಂದು ಸಿರುಗುಪ್ಪವೂ ಬಳ್ಳಾರಿಯೂ ಮೈಸೂರು ರಾಜ್ಯಕ್ಕೆ ಸೇರಿದವು. ಕಾಗದದ ಮೇಲೆ ಎಲ್ಲರೂ ‘ಶ್ರೀ’ಗಳಾದರು. ನಾಲಗೆಯ ಮೇಲಿನ ಪ್ರತ್ಯಯವನ್ನು ಬದಲಿಸುವುದು ಕಾಯಿದೆಗೆ ಅಷ್ಟು ಸುಲಭವಲ್ಲ.

ಕಾಯಿದೆಗಿಂತ ಬಹಳ ಹಿಂದೆ ಈ ಕೆಲಸಕ್ಕೆ ಕೈಹಾಕಿದವರು 12ನೆಯ ಶತಮಾನದ ಶರಣರು. ದೇವರನ್ನು ಅವರು ‘ನೀನು’ ಎಂದರು. ಸಹಮಾನವನನ್ನು ‘ಅಯ್ಯಾ’ ಎಂದರು. ಎದುರಿನವನನ್ನು ಕರೆಯುವ ಒಂದು ಪದದಲ್ಲಿಯೇ ಸ್ವರ್ಗವೂ ನರಕವೂ ಇದೆ ಎಂಬ ಭಾವವನ್ನು ಬಸವಣ್ಣನವರು ಒಂದು ವಚನದಲ್ಲಿ ಹೇಳಿರುವುದನ್ನು ತಾವೆಲ್ಲರೂ ಬಲ್ಲಿರಿ. ಪಶ್ಚಿಮದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮೊದಲಾದ ಕ್ವೇಕರ್ ಪಂಥದವರು ನ್ಯಾಯಾಧೀಶರನ್ನೂ ಆಳನ್ನೂ ಒಂದೇ ಏಕವಚನದಲ್ಲಿ ಸಂಬೋಧಿಸಿ ದೊಡ್ಡವರ ಕೋಪಕ್ಕೆ ಗುರಿಯಾದರು. ಕೊನೆಗೆ ಇಂಗ್ಲಿಷಿನ ನಿತ್ಯವ್ಯವಹಾರದಲ್ಲಿ ಆದದ್ದು ಇದಕ್ಕೆ ವಿರುದ್ಧ: ಏಕವಚನವೇ ಮರೆಯಾಗಿ ಬಹುವಚನ ಎಲ್ಲರ ಪಾಲಿಗೆ ಬಂದಿತು. 1793ರ ಸುಮಾರಿಗೆ ಫ್ರಾನ್ಸಿನ ಕ್ರಾಂತಿಕಾರರು ಎಲ್ಲರಿಗೂ ಏಕವಚನವೆಂದು ಹೊರಟರು. ಅದು ಬಹುಕಾಲ ನಿಲ್ಲಲಿಲ್ಲ.

ಹಾಗಾದರೆ ನಾವು ಏಕವಚನವನ್ನೇ ತೊರೆಯಬೇಕೇ? ಖಂಡಿತ ಬೇಡ. ತಾಯಿಗೆ ‘ನೀವು’ ಎಂದರೆ ನಮ್ಮ ಹಳ್ಳಿಯ ತಾಯಿ ಮಗ ಮುನಿಸಿಕೊಂಡನೆಂದು ಗಾಬರಿಯಾದಾಳು. ‘ಬಾ ತಾತ’, ‘ಕುಂದ್ರು ಯವ್ವಾ’ ಎಂಬಲ್ಲಿ ಏಕವಚನಕ್ಕೆ ನಂಟಿನ ಹೆಸರು ಕಾವಲಿದೆ, ಅದರಲ್ಲಿ ಪ್ರೀತಿಯಿದೆ. ಆದುದರಿಂದ ಏಕವಚನವೋ ಬಹುವಚನವೋ ಎಂಬುದು ಸರಿಯಾದ ಪ್ರಶ್ನೆಯಲ್ಲ. ನಾನು ಆಡಿದ ರೂಪವನ್ನೇ ಎದುರಿನವರು ನನಗೆ ಮರಳಿ ಆಡಬಹುದೇ ಎಂಬುದು ಪ್ರಶ್ನೆ. ಗೆಳೆಯನ ‘ಬಾರೋ’ಗೆ ‘ಬಂದೆ ಕಣೋ’ ಎನ್ನಬಹುದು. ತಾಯಿಮಕ್ಕಳಲ್ಲಿ ‘ನೀನು’ ಎರಡೂ ಕಡೆ ಸಲ್ಲುತ್ತದೆ. ಒಂದೇ ದಿಕ್ಕಿಗೆ ಹರಿಯುವ, ವಯಸ್ಸಿಗೂ ಬೆಲೆ ಕೊಡದ ಏಕವಚನವೇ ನೋವು ಕೊಡುವಂಥದು.

ಈ ಮಾತನ್ನು ನಾನು ಗ್ರಂಥಗಳಿಂದ ಕಲಿಯಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಬಾಯಿಪಾಠ ಮಾಡಿ ಪಂಡಿತನೆನಿಸಿಕೊಂಡು, ಹಚ್ಚೊಳ್ಳಿಯ ಸೀಮೆಯ ಒಂದು ಶಾಲೆಯಲ್ಲಿ ಕನ್ನಡ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಊರಿನ ದೊಡ್ಡ ಮನೆತನದ ಯುವಕರೊಬ್ಬರು ಬಂದರು. ‘ಬರ್ರಿ, ಕುಂದರ್ರಿ’ ಎಂದೆ. ಅವರ ಹಿಂದೆಯೇ ನನ್ನ ಶಿಷ್ಯನೊಬ್ಬನ ತಂದೆ, ಕೂಲಿ ಮಾಡುವವರು, ನನಗಿಂತ ಹತ್ತು ಹದಿನೈದು ವರ್ಷ ಹಿರಿಯರು, ಹೆಗಲ ಟವೆಲ್ಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತರು. ‘ಏನು, ಯಾಕ ಬಂದಿ?’ ಎಂದೆ. ‘ಹುಡುಗನ ಸ್ಕಾಲರ್‌ಶಿಪ್ಪಿನ ಕಾಗದ ತಂದೀನ್ರಿ ಸಾರ್’ ಎಂದರು. ಮಗ ಪಕ್ಕದಲ್ಲಿಯೇ ಇದ್ದ.

ವಾರ ಕಳೆದ ಮೇಲೆ ತರಗತಿಯಲ್ಲಿ ಗೌರವಾರ್ಥಕ ಬಹುವಚನದ ಪಾಠ. ತಂದೆ, ಗುರು, ಹಿರಿಯರು ಒಬ್ಬರೇ ಇದ್ದರೂ ಬಹುವಚನ ಸೇರಿಸಬೇಕು ಎಂದು ಕರಿಹಲಗೆಯ ಮೇಲೆ ಬರೆದೆ. ಆ ಹುಡುಗ ಎದ್ದು ನಿಂತು ಕೇಳಿದ: ‘ಸಾರ್, ನಮ್ಮಪ್ಪಗ ಅದು ಹತ್ತಂಗಿಲ್ಲೇನ್ರಿ?’ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸೂತ್ರಕ್ಕೆ ಅಪವಾದವಿದೆಯೇ ಎಂದು ಕೇಳುವ ವಿದ್ಯಾರ್ಥಿಯ ಸಂದೇಹವಷ್ಟೇ ಇತ್ತು. ತರಗತಿ ನಕ್ಕಿತು. ‘ಹತ್ತುತ್ತದೆ, ಕುಂದ್ರು’ ಎಂದು ಹೇಳಿ ಬೇರೆ ಉದಾಹರಣೆಗೆ ಹೋದೆ. ಕೈಯಲ್ಲಿದ್ದ ಸೀಮೆಸುಣ್ಣ ಮುರಿದಿತ್ತು.

ಮುಂದಿನ ಸಲ ಅವರು ಶಾಲೆಗೆ ಬಂದಾಗ ನಾನು ‘ಬರ್ರಿ, ಕುಂದರ್ರಿ’ ಎಂದೆ. ಅವರು ತಿರುಗಿ ತಮ್ಮ ಬೆನ್ನ ಹಿಂದೆ ನೋಡಿದರು, ಯಾರು ಬಂದಿದ್ದಾರೆಂದು. ಅಲ್ಲಿ ಯಾರೂ ಇರಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ಬೆಂಚಿನ ತುದಿಯಲ್ಲಿ ಅರ್ಧ ಕುಳಿತರು. ಅವರು ಹಿಂದೆ ತಿರುಗಿ ನೋಡಿದ ಆ ನೋಟ ನನ್ನ ವ್ಯಾಕರಣಜ್ಞಾನಕ್ಕೆ ಆದ ನಿಜವಾದ ಪರೀಕ್ಷೆ. ಅದರಲ್ಲಿ ನಾನು ತೇರ್ಗಡೆಯಾದೆನೆಂದು ಹೇಳಲಾರೆ.

ನಿಮ್ಮ ಮನೆಯ ರೇಡಿಯೋವನ್ನು ಗಮನಿಸಿ. ‘ಕೇಳುಗರೇ, ಈಗ ವಾರ್ತೆಗಳನ್ನು ಕೇಳಿ’ ಎನ್ನುತ್ತದೆ. ಆ ದನಿಗೆ ಎದುರಿಗೆ ಕುಳಿತವರು ಕಾಣುವುದಿಲ್ಲ. ಜಮೀನುದಾರರ ಪಡಸಾಲೆಯೋ, ಭತ್ತದ ಗದ್ದೆಯ ಬದುವೋ, ಚಹದಂಗಡಿಯೋ ಅದಕ್ಕೆ ತಿಳಿಯದು. ತಿಳಿಯದಿರುವುದರಿಂದಲೇ ಅದು ಎಲ್ಲರಿಗೂ ‘ಕೇಳಿ’ ಎಂಬ ಒಂದೇ ರೂಪವನ್ನು ಕೊಡುತ್ತದೆ. ನಮಗಾದರೋ ಕಣ್ಣಿದೆ; ಬಂದವರ ಅಂಗಿ, ಕೆರ, ನಿಂತ ಭಂಗಿ ಎಲ್ಲವೂ ಕಾಣುತ್ತದೆ. ನಾಳೆ ಹಾಲು ತರುವವರೋ, ಬೀದಿ ಗುಡಿಸುವವರೋ, ಕಟ್ಟಿಗೆ ಒಡೆಯುವ ಮುದುಕರೋ ನಿಮ್ಮ ಬಾಗಿಲಿಗೆ ಬಂದಾಗ, ನಾಲಗೆ ತೂಗಲು ಹೊರಡುವ ಮುನ್ನ ಒಮ್ಮೆ ‘ಬರ್ರಿ’ ಎಂದು ನೋಡಿ. ಅವರು ಹಿಂದೆ ತಿರುಗಿ ನೋಡಿದರೆ, ಇನ್ನೊಮ್ಮೆ ಹೇಳಿ.