ತೋಟಿ ಇನಾಂತಿ ಜಮೀನು ಮತ್ತು ನಮ್ಮತ್ತೆ ತೋರಿಸಿದ ಬಾಂದುಕಲ್ಲು



ಪೋಸ್ಟ್ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ಹೋದ ವಾರ ಕನಕಪುರ ಕಡೆಯ ಹುಡುಗ ಒಬ್ಬ ತನ್ನ ಪಿಟಿಸಿಎಲ್ ಕೇಸಿನ ಆದೇಶದ ಫೋಟೋ ಕಳಿಸಿದ್ದ. ಅರ್ಜಿ ವಜಾ. "ಅಣ್ಣ, ಎಸ್‌ಸಿ ಜಮೀನು, ಪಿಟಿಸಿಎಲ್ ಅನ್ವಯ ಆಗಲ್ಲ ಅಂತಾರಲ್ಲ, ಇದೆಂಥ ನ್ಯಾಯ?" ಅಂತ ಕೇಳಿದ. ಆದೇಶ ಎರಡು ಸಲ ಓದಿದೆ. ಅದರಲ್ಲಿ ತಪ್ಪಿಲ್ಲ. ಇದೇ ತಪ್ಪು ದಾರಿಯಲ್ಲಿ ನಮ್ಮಪ್ಪ ಆರು ವರ್ಷ ಅಲೆದಿದ್ರು. ಅದಕ್ಕೇ ಇದನ್ನ ಬರೀತಿದೀನಿ.

ನಮ್ಮೂರ ಹೆಸರು ಬೇಡ. ಮಾಗಡಿಗೂ ರಾಮನಗರಕ್ಕೂ ನಡುವೆ ಇರೋ ಒಂದು ಸಣ್ಣ ಊರು ಅಂತ ಇಟ್ಕೊಳ್ಳಿ. ರಾಗಿ, ಅವರೆ, ಹುರುಳಿ, ಆಮೇಲೆ ಬಂದ ಹಿಪ್ಪುನೇರಳೆ. ಊರು ದಿಬ್ಬದ ಮೇಲೆ, ಕೇರಿ ತಗ್ಗಿನಲ್ಲಿ. ಮಳೆ ಬಂದ್ರೆ ಊರಿನ ನೀರೆಲ್ಲ ನಮ್ಮ ಬಾಗಿಲಿಗೆ. ಗೌಡರ ಮನೆ ಮುಂದೆ ರಾಗಿ ತುಂಬಿದ ಹಗೇವು, ನಮ್ಮ ಮನೇಲಿ ಒಂದು ಗುಡಾಣ. ಗುಡಾಣ ತುಂಬಿದ ವರ್ಷವನ್ನ ನಮ್ಮಜ್ಜಿ ಯಾರದೋ ಮದುವೆ ವರ್ಷ ನೆನಪಿಟ್ಟುಕೊಳ್ಳೋ ಹಾಗೆ ನೆನಪಿಟ್ಟುಕೊಂಡಿದ್ಲು. ಆಸ್ತಿ ಅಂದ್ರೆ ಒಂದು ಎಮ್ಮೆ, ನಾಲ್ಕು ಕೋಳಿ, ಒಂದು ತಮಟೆ. ಅದರ ಜೊತೆಗೆ 1 ಎಕರೆ 20 ಗುಂಟೆ ಹೊಲ. ಅದನ್ನ ಎಲ್ಲರೂ 'ತೋಟಿ ಹೊಲ' ಅಂತಿದ್ರು.

ಯಾಕೆ ತೋಟಿ ಹೊಲ? ತಾತ ಊರಿನ ತೋಟಿ. ಕಂದಾಯದ ದುಡ್ಡು ತಾಲ್ಲೂಕು ಖಜಾನೆಗೆ ಹೋಗುವಾಗ ಕಾವಲು ಹೋಗಬೇಕು. ಅಮಲ್ದಾರರು ಬಂದ್ರೆ ಮುಂದೆ ಓಡಬೇಕು. ಡಂಗುರ ಸಾರಬೇಕು. ಸಾವಿನ ಸುದ್ದಿ ಹೊತ್ತು ಊರೂರು ತಿರುಗಬೇಕು, ಸತ್ತ ದನ ಎಳೀಬೇಕು. ಇದಕ್ಕೆ ಸಂಬಳ ಅಂತ ಇರಲಿಲ್ಲ. ಸುಗ್ಗೀಲಿ ಕಣದ ಹತ್ರ ನಿಂತ್ರೆ ಒಂದಷ್ಟು ರಾಗಿ ಆಯ, ಮತ್ತೆ ಈ ಇನಾಂತಿ ಹೊಲ. ಹೊಲ ಚಾಕರಿಗೆ ಅಂಟಿಕೊಂಡಿತ್ತು. ಚಾಕರಿ ಬಿಟ್ರೆ ಹೊಲ ಇಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ತೀನಿ. 1873ರಲ್ಲಿ ಮೈಸೂರು ಸೀಮೆಯಲ್ಲಿದ್ದ ಮೆಕೆಂಜಿ ಅನ್ನೋ ಬ್ರಿಟಿಷ್ ಅಧಿಕಾರಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೇಲಿ ನಮ್ಮ ಕುಳವಾಡಿಗಳ ಬಗ್ಗೆ ಬರೆದಿದ್ದಾನೆ. ಎರಡು ಊರಿಗೆ ಗಡಿ ಜಗಳ ಬಂದ್ರೆ ತೀರ್ಮಾನ ಹೇಳೋದು ಹೊಲೆಯರ ಕುಳವಾಡಿ. ಊರಿನ ಮಣ್ಣಿನ ಉಂಡೆ ತಲೆ ಮೇಲೆ ಹೊತ್ತು ಅವನು ಗಡಿಗುಂಟ ನಡೀಬೇಕು. ಅವನು ನಡೆದದ್ದೇ ಗಡಿ. ಹೆಜ್ಜೆ ತಪ್ಪಿದ್ರೆ ಉಂಡೆ ತಾನಾಗೇ ಒಡೆಯುತ್ತೆ, ಹದಿನೈದು ದಿನದಲ್ಲಿ ಅವನು ಸಾಯ್ತಾನೆ, ಮನೆ ಹಾಳಾಗುತ್ತೆ ಅಂತ ನಂಬಿಕೆ. ಈ ನೆಲದ ಮೂಲ ಒಡೆಯರು ಇವರೇ ಇರಬೇಕು ಅನ್ನೋದು ಮೆಕೆಂಜಿಯ ಊಹೆ. ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ಇದನ್ನೇ ಎತ್ತಿ ಹಾಕಿಕೊಂಡ. ನಮ್ಮ ಕೆಲವು ಗೆಳೆಯರು ಇದನ್ನ ಓದಿ ಬಹಳ ಹೆಮ್ಮೆ ಪಡ್ತಾರೆ. ನನಗೆ ಹೆಮ್ಮೆಗಿಂತ ಸಿಟ್ಟೇ ಜಾಸ್ತಿ ಬರುತ್ತೆ. ಗೌಡನ ಹೊಲದ ಗಡಿ ತಪ್ಪಿದ್ರೆ ಸಾಯೋನು ನಾವು. ಗಡಿಯೊಳಗೆ ಬೆಳೆದದ್ದು ಮಾತ್ರ ನಮ್ಮದಲ್ಲ.

ಬಾಬಾಸಾಹೇಬರು ಇದನ್ನ ಚೆನ್ನಾಗಿ ಬಲ್ಲವರು. ಮಹಾರಾಷ್ಟ್ರದ ಮಹಾರ್ ವತನ ನಮ್ಮ ತೋಟಿ ಇನಾಂತಿಯ ಅಣ್ಣ ಇದ್ದ ಹಾಗೆ. 1928ರಲ್ಲೇ ಅವರು ಮುಂಬೈ ಶಾಸನಸಭೇಲಿ ವತನ ಕಾಯ್ದೆ ತಿದ್ದುಪಡಿಗೆ ಮಸೂದೆ ತಂದರು. ತುಂಡು ಹೊಲದ ಆಸೆಗೆ ಒಂದಿಡೀ ಜಾತಿ ಊರಿನ ಬಾಗಿಲು ಕಾಯ್ತಾ ಕೂತಿದೆ, ಚಾಕರಿಯಿಂದ ಹೊಲ ಬಿಡಿಸಿ ನಮ್ಮ ಕೈಗೆ ಕೊಡಿ ಅನ್ನೋದು ಅವರ ವಾದದ ತಿರುಳು.

ನಮ್ಮ ರಾಜ್ಯದಲ್ಲಿ ಅದು ಆಗಿದ್ದು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ, 1961ರಿಂದ. ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ಪಟೇಲ, ಶ್ಯಾನುಭೋಗ, ತೋಟಿ, ತಳವಾರ, ನೀರಗಂಟಿ, ವಂಶಪಾರಂಪರ್ಯ ಹುದ್ದೆ ಎಲ್ಲ ಒಂದೇ ಏಟಿಗೆ ರದ್ದು. ಇನಾಂತಿ ಜಮೀನು ಸರ್ಕಾರಕ್ಕೆ ಹೋಗಿ, ಹುದ್ದೆಯಲ್ಲಿದ್ದವನು ಅರ್ಜಿ ಹಾಕಿ ಕಂದಾಯದ ಕೆಲವು ಪಟ್ಟು ಕಿಮ್ಮತ್ತು ಕಟ್ಟಿದ್ರೆ ಅವನಿಗೇ ರೀಗ್ರ್ಯಾಂಟ್. ಕಾಗದದ ಮೇಲೆ ಎಷ್ಟು ಚೆಂದ ನೋಡಿ. ಶ್ಯಾನುಭೋಗನಿಗೆ ಅರ್ಜಿ ಬರೆಯೋದು ಕಲಿಸಬೇಕಾ? ಪಟೇಲನಿಗೆ ಕಿಮ್ಮತ್ತು ಕಟ್ಟೋಕೆ ಸಾಲ ಬೇಕಾ? ಹೆಬ್ಬೆಟ್ಟಿನ ತೋಟಿಗೆ ಎರಡೂ ಬೇಕಿತ್ತು. ಎರಡನ್ನೂ ಕೊಡೋಕೆ ಊರಲ್ಲಿ ಒಬ್ಬರು ತಯಾರಿದ್ರು, ಯಾರು ಅಂತ ನಾನು ಹೇಳಬೇಕಿಲ್ಲ.

ನಮ್ಮ ತಾತನಿಗೆ ರೀಗ್ರ್ಯಾಂಟ್ ಆಗಿದ್ದು 1982ರಲ್ಲಿ. ಕಿಮ್ಮತ್ತು ಕಟ್ಟಿದವರೇ ಹೊಲವನ್ನ ಭೋಗ್ಯಕ್ಕೆ ಹಾಕಿಸ್ಕೊಂಡ್ರು. 1989ರಲ್ಲಿ ಭೋಗ್ಯ ಕ್ರಯ ಆಯ್ತು, ಒಂಬತ್ತು ಸಾವಿರಕ್ಕೆ. ಅದರಲ್ಲಿ ಕೈಗೆ ಬಂದದ್ದು ಎರಡು ಸಾವಿರ, ಮಿಕ್ಕಿದ್ದು ಹಳೇ ಸಾಲಕ್ಕೆ ವಜಾ. ಆ ಹೊತ್ತಿಗೆ ಆ ಮಾರಾಟವೇ ಕಾನೂನುಬಾಹಿರ. 1978ರ ತಿದ್ದುಪಡಿ ಪ್ರಕಾರ ರೀಗ್ರ್ಯಾಂಟ್ ಆದ ಇಂಥ ಜಮೀನನ್ನ 15 ವರ್ಷ ಮಾರೋ ಹಾಗಿರಲಿಲ್ಲ, ಮನೆಯವರೊಳಗೆ ಭಾಗ ಮಾಡ್ಕೋಬಹುದಿತ್ತು ಅಷ್ಟೆ. ನೋಂದಣಿ ಮಾಡಿದವರೂ ಕೇಳಲಿಲ್ಲ, ಖಾತೆ ಬದಲಾಯಿಸಿದವರೂ ಕೇಳಲಿಲ್ಲ.

ಈಗ ಆ ಕನಕಪುರದ ಹುಡುಗನ ಪ್ರಶ್ನೆಗೆ ಬರ್ತೀನಿ. ದೇವರಾಜ ಅರಸು ಸರ್ಕಾರದ ಪಿಟಿಸಿಎಲ್ ಕಾಯ್ದೆ 1979ರ ಜನವರಿ 1ಕ್ಕೆ ಜಾರಿಗೆ ಬಂತು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿ ಹಿಡೀತು. ನಮ್ಮ ಚಳವಳಿಗೆ ಅದು ಉಸಿರು ಇದ್ದ ಹಾಗೆ. ಆದ್ರೆ ಅದು ಕಾಪಾಡೋದು 'ಮಂಜೂರಾದ ಜಮೀನು' ಮಾತ್ರ, ಅಂದ್ರೆ ಎಸ್‌ಸಿ ಎಸ್‌ಟಿಗೆ ಸರ್ಕಾರ ದರಖಾಸ್ತಿನಲ್ಲೋ ಭೂಸುಧಾರಣೆಯಲ್ಲೋ ಕೊಟ್ಟದ್ದು. ಇನಾಂ ರದ್ದಿಯಾತಿಯಿಂದ ಬಂದ ಜಮೀನನ್ನೂ ಅದರ ವ್ಯಾಖ್ಯಾನ ಸೇರಿಸಿಕೊಳ್ಳುತ್ತೆ. ಆದರೆ ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟದ್ದನ್ನ ಬಿಟ್ಟು ಅಂತ ಅದೇ ವಾಕ್ಯದಲ್ಲಿ ಬರೆದಿದೆ. ತೋಟಿ ಹೊಲ ಅಲ್ಲೇ ಜಾರಿಬಿತ್ತು.

ನಮ್ಮಪ್ಪ ಪಿಟಿಸಿಎಲ್ ಅಡಿ ಅರ್ಜಿ ಹಾಕಿದ್ರು. ಹಾಕಿಸಿದ ವಕೀಲರಿಗೆ ಹಳೇ ಪಹಣಿ ನೋಡೋ ತಾಳ್ಮೆ ಇರಲಿಲ್ಲ. ಆರು ವರ್ಷ ಆದಮೇಲೆ ವಜಾ. ಹೋಗಬೇಕಾಗಿದ್ದು 1961ರ ಕಾಯ್ದೆ ಅಡಿ. ಅದು ಗೊತ್ತಾಗಿದ್ದು ನಾನು ಬಿಎ ಮುಗಿಸಿ ಕಚೇರಿ ಸೇರಿ, ಕಡತದ ಭಾಷೆ ಕಲಿತ ಮೇಲೆ. ಅಷ್ಟೊತ್ತಿಗೆ ಅಪ್ಪ ಇರಲಿಲ್ಲ.

ತಡ ಆಗಿದೆ ಅನ್ನೋದೇ ಇವತ್ತಿನ ದೊಡ್ಡ ಅಡ್ಡಿ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಮಂಜಸ ಕಾಲದೊಳಗೆ ಬರಬೇಕು ಅಂತು. ಆ ಒಂದು ಮಾತಿಗೆ ಎಷ್ಟೋ ಪಿಟಿಸಿಎಲ್ ಕೇಸು ಬಿದ್ದವು. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಮಾಡಿಸಿದೆವು. ನಾನೂ ಎರಡು ದಿನ ರಜೆ ಹಾಕಿ ಕೂತಿದ್ದೆ. ಆದ್ರೆ ಆ ತಿದ್ದುಪಡಿ ಪಿಟಿಸಿಎಲ್‌ಗೆ ಮಾತ್ರ. ತೋಟಿ, ತಳವಾರಿಕೆ, ನೀರಗಂಟಿ ಜಮೀನಿನ ಬಗ್ಗೆ ನಮ್ಮ ವೇದಿಕೆಗಳಲ್ಲೇ ಯಾರೂ ಬಾಯಿ ಬಿಡ್ತಿಲ್ಲ. ಇದು ನಮ್ಮದೇ ತಪ್ಪು, ಒಪ್ಕೊಳ್ಳೋಣ. ಮುಂದಿನ ಬೇಡಿಕೆ ಪತ್ರದಲ್ಲಿ ಇದು ಬರಲೇಬೇಕು.

ಹಾಗಾಗಿ ಅರ್ಜಿ ಬರೆಸೋಕೆ ಮುಂಚೆ ಹಳೇ ದಾಖಲೆ ತೆಗೆಸಿ. ಈಗಿನ ಕಂಪ್ಯೂಟರ್ ಪಹಣಿ ಸಾಲದು, ಕೈಬರಹದ್ದು ಬೇಕು. 'ತೋಟಿ ಇನಾಂತಿ' ಅಂತಿದೆಯಾ, ಸಾಗುವಳಿ ಚೀಟಿ ಇದೆಯಾ ನೋಡಿ. ಹುಡುಕುವಾಗ ಜಿಲ್ಲೆ ಹೆಸರಿನಲ್ಲೂ ಎಡವಬೇಡಿ. ನಮ್ಮ ಒಂದೇ ಸರ್ವೆ ನಂಬರಿಗೆ ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಹೊಲ ಮಾತ್ರ ಕದಲಿಲ್ಲ. ಬಿಡದಿಗೆ ಕಾರ್ಖಾನೆ, ಮೈಸೂರಿಗೆ ಎಕ್ಸ್‌ಪ್ರೆಸ್ ರಸ್ತೆ ಬಂದಮೇಲೆ ಅದರ ಮೇಲೆ ಕಣ್ಣು ಹಾಕಿದವರು ಎಷ್ಟು ಜನ ಅಂತ ದಲ್ಲಾಳಿಗಳೇ ಹೇಳ್ತಾರೆ. ಇನ್ನೊಂದು ಕಹಿ ಮಾತು. ಕೇಸು ಹಾಕಿ, ಕೊಂಡವರ ಹತ್ರ ದುಡ್ಡು ಇಸ್ಕೊಂಡು ರಾಜಿ ಆಗೋರು ನಮ್ಮಲ್ಲೂ ಇದ್ದಾರೆ.

ನಾವೀಗ ಸರಿಯಾದ ಕಾಯ್ದೆ ಅಡಿ ಅರ್ಜಿ ಹಾಕಿದೀವಿ. ಗೆಲ್ತೀವಿ ಅಂತ ಹೇಳಲಾರೆ. ವಂಶವೃಕ್ಷ ಬರೆಸುವಾಗ ಚಿಕ್ಕಪ್ಪ, ಅತ್ತೆ ಹೆಸರು ಯಾಕೆ, ಮದುವೆ ಮಾಡಿ ಚನ್ನಪಟ್ಟಣಕ್ಕೆ ಕೊಟ್ಟಾಗಿದೆ, ಹಕ್ಕು ಬಿಡುಗಡೆ ಬರೆಸ್ಕೊಂಡ್ರೆ ಸಾಕು ಅಂದ್ರು. ಗೌಡರು ತಾತನ ಹೆಬ್ಬೆಟ್ಟು ಒತ್ತಿಸ್ಕೊಂಡ್ರು, ನಾವು ಅತ್ತೆ ಹೆಬ್ಬೆಟ್ಟು ಒತ್ತಿಸ್ಕೊಳ್ಳೋದಾ ಅಂದೆ. ಎರಡು ತಿಂಗಳು ಮಾತು ಬಿಟ್ರು. ಹೆಸರು ಬರೆಸಿದೆ.

ಹೋದ ತಿಂಗಳು ಹದ್ದುಬಸ್ತಿಗೆ ಸರ್ವೆಯವರು ಬಂದಾಗ ಮೂಡಲ ಮೂಲೆ ಬಾಂದುಕಲ್ಲು ಸಿಗಲಿಲ್ಲ. ಕೊಂಡವರ ಹಿಪ್ಪುನೇರಳೆ ಸೊಪ್ಪು ಎದೆಮಟ್ಟ ಬೆಳೆದಿತ್ತು. ಎಪ್ಪತ್ತು ದಾಟಿದ ನಮ್ಮತ್ತೆ ಸೆರಗು ಸೊಂಟಕ್ಕೆ ಕಟ್ಟಿಕೊಂಡು ಒಳಗೆ ನುಗ್ಗಿದ್ಲು. ಹುಡುಗಿ ಆಗಿದ್ದಾಗ ತಾತನಿಗೆ ಅಂಬಲಿ ತಂದು ಕಾಯ್ತಾ ಕೂರ್ತಿದ್ದದ್ದು ಆ ಕಲ್ಲಿನ ಮೇಲೇ ಅಂತೆ. ಕಾಲಲ್ಲಿ ಮಣ್ಣು ಕೆದಕಿ, "ಇಲ್ಲಿ ಅಗೀರಿ" ಅಂದ್ಲು. ಒಂದು ಮೊಳ ಅಗೆದ ಮೇಲೆ ಕಲ್ಲು ಸಿಕ್ತು. ಸರ್ವೆಯವರು ನಕ್ಷೆಯಲ್ಲಿ ಗುರುತು ಹಾಕೊಂಡ್ರು. ವಿಚಾರಣೆ ಮುಂದಿನ ತಿಂಗಳಿಗೆ ಇದೆ, ಆದೇಶ ಏನೇ ಬಂದ್ರೂ ಇಲ್ಲೇ ಹಾಕ್ತೀನಿ.