ಗೇಣುದ್ದದ ಅಲಗು: ಗದಗ ಸೀಮೆ ಮತ್ತು ಕೊಡಗಿನ ಕಿರುಗತ್ತಿಗಳ ಚರಿತ್ರೆ ಹಾಗೂ ಸಂಗ್ರಹ

ಕನ್ನಡ ನಾಡಿನ ಆಯುಧಗಳ ಬಗೆಗಿನ ಬರವಣಿಗೆ ಬಹುಮಟ್ಟಿಗೆ ಖಡ್ಗ, ಈಟಿ, ಫಿರಂಗಿಗಳ ಸುತ್ತಲೇ ನಡೆದಿದೆ. ಮನೆಯ ಗೂಡಿನಲ್ಲಿ, ಎಲೆ-ಅಡಿಕೆ ಚಂಚಿಯಲ್ಲಿ, ಮದುಮಗನ ಕೈಯಲ್ಲಿ, ಓಲೆಗರಿ ಬರೆಯುವವರ ಮಣೆಯ ಪಕ್ಕದಲ್ಲಿ ಇದ್ದ ಸಣ್ಣ ಅಲಗುಗಳಿಗೆ ಆ ಬರವಣಿಗೆಯಲ್ಲಿ ಜಾಗ ಸಿಕ್ಕಿಲ್ಲ. ಈ ಲೇಖನದಲ್ಲಿ ಅಲಗು ಒಂದು ಗೇಣಿನೊಳಗೆ ಇರುವ ಕತ್ತಿ, ಬಾಕು, ಚಾಕು ಹಾಗೂ ಅಡಕೊತ್ತುಗಳನ್ನೆಲ್ಲ ಕಿರುಗತ್ತಿ ಎಂದು ಒಟ್ಟಾಗಿ ಕರೆದಿದ್ದೇನೆ. ಗದಗ ಶಹರಕ್ಕೆ ಅಂಟಿಕೊಂಡಿರುವ ಮಲ್ಲಸಮುದ್ರದಿಂದ ಮುಂಡರಗಿಯವರೆಗಿನ ಬಯಲುಸೀಮೆ ಒಂದು ಕಡೆ, ಕೊಡಗು ಇನ್ನೊಂದು ಕಡೆ: ಈ ಎರಡನ್ನು ಎದುರುಬದುರು ಇಟ್ಟು ನೋಡುವುದು ಇಲ್ಲಿನ ಕ್ರಮ. ಕೊಡಗಿನ ಕಿರುಗತ್ತಿ ಜಗತ್ತಿನ ಸಂಗ್ರಹಾಲಯಗಳಿಗೆ ತಲುಪಿತು, ಗದಗ ಸೀಮೆಯದು ಗುಜರಿ ಅಂಗಡಿ ಸೇರಿತು. ಈ ವ್ಯತ್ಯಾಸದ ಬೇರು 19ನೇ ಶತಮಾನದ ಆಯುಧ ಕಾನೂನಿನಲ್ಲಿದೆ ಎಂಬುದು ನನ್ನ ವಾದ.

ಕಲ್ಲಿನ ಸಾಕ್ಷ್ಯ, ಕಬ್ಬಿಣದ ಹಿನ್ನೆಲೆ

ಗದಗ ಸೀಮೆಯಲ್ಲಿ ಅಲಗಿನ ಚರಿತ್ರೆ ಕಲ್ಲಿನ ಮೇಲೆಯೇ ಇದೆ. ಬೆಟಗೇರಿಯ ವೀರಗಲ್ಲುಗಳು ರಾಷ್ಟ್ರಕೂಟರ ಕಾಲದಿಂದ ಈ ಊರು ಕಂಡ ಕಾಳಗಗಳ ದಾಖಲೆ. ಕರ್ನಾಟಕದ ವೀರಗಲ್ಲುಗಳಲ್ಲಿ ವೀರನ ಕೈಯಲ್ಲಿ ಬಿಲ್ಲೋ ಖಡ್ಗವೋ ಇದ್ದರೂ ನಡುಪಟ್ಟಿಗೆ ಸಿಕ್ಕಿಸಿದ ಸುರಗಿ ಹಲವೆಡೆ ಕಾಣಿಸುತ್ತದೆ. ದೊಡ್ಡ ಆಯುಧ ಕೈಜಾರಿದ ಮೇಲೆ ನೆರವಿಗೆ ಬರುತ್ತಿದ್ದದ್ದು ಇದೇ ಸಣ್ಣ ಅಲಗು. ಹೊಯ್ಸಳರ ಲಾಂಛನದಲ್ಲಿ ಸಳನು ಸಿಂಹವನ್ನು ಇರಿಯುವುದು ಕೂಡ ಹತ್ತಿರದ ಕಾಳಗದ ಚಿತ್ರವೇ.

ಅಲಗಿಗೆ ಬೇಕಾದ ಲೋಹ ದೂರದಿಂದ ಬರಬೇಕಿರಲಿಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಕಬ್ಬಿಣದ ಅದಿರಿದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ ಉಕ್ಕು ಕಾಯಿಸುತ್ತಿದ್ದುದಕ್ಕೆ ಪುರಾತತ್ವದ ಕುರುಹುಗಳು ಸಿಕ್ಕಿವೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಕಬ್ಬಿಣ ಕರಗಿಸುವವರ, ಉಕ್ಕು ಮಾಡುವವರ ಕುಲುಮೆಗಳನ್ನು ಕಂಡು ವಿವರವಾಗಿ ಬರೆದ. ಮುಚ್ಚಿದ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜತೆ ಕಟ್ಟಿಗೆಯ ಚೂರು, ಹಸಿ ಎಲೆ ಇಟ್ಟು ಗಂಟೆಗಟ್ಟಲೆ ಕಾಯಿಸಿದರೆ ಕಬ್ಬಿಣ ಇಂಗಾಲವನ್ನು ಹೀರಿ ಉಕ್ಕಾಗುತ್ತಿತ್ತು. ಮೂಸೆಯಿಂದ ಒಂದು ಸಲಕ್ಕೆ ಬರುತ್ತಿದ್ದದ್ದು ಸಣ್ಣ ಗಟ್ಟಿ. ಅಲಗಿನ ಅಂಚಿಗಷ್ಟೇ ಉಕ್ಕು ಬೆಸೆದು ಉಳಿದ ಭಾಗಕ್ಕೆ ಮೆದು ಕಬ್ಬಿಣ ಬಳಸುವ ಕಮ್ಮಾರರ ಪದ್ಧತಿ ಉಕ್ಕಿನ ಈ ಅಭಾವಕ್ಕೆ ಹೊಂದುತ್ತಿತ್ತು. ವಿಲಾಯತಿ ಕಬ್ಬಿಣ ಅಗ್ಗವಾಗಿ ಬಂದಿಳಿದ ಮೇಲೆ ಊರಿನ ಕುಲುಮೆ ಉಳಿಯಿತು, ಅದಿರು ಕರಗಿಸುವ ಒಲೆ ಆರಿತು.

1857ರ ಕಾನೂನು ಮತ್ತು ಬಯಲುಸೀಮೆ

1857ರ ದಂಗೆಯ ಹೊತ್ತಿನಲ್ಲಿ ಕಂಪನಿ ಸರಕಾರ ಆಯುಧಗಳ ಮೇಲೆ ನಿರ್ಬಂಧ ಹೇರಿತು. ಅದರ ಪೆಟ್ಟು ಕನ್ನಡ ನಾಡಿಗೂ ಬಿತ್ತು. ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರು ಒಪ್ಪಿಸಲು ಒಪ್ಪದೆ ಬಂಡೆದ್ದರು. ಊರಿಗೆ ಬೆಂಕಿ ಬಿತ್ತು, ಸೆರೆ ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಆ ಘಟನೆಯ ಲಾವಣಿಯನ್ನು ಜೆ. ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ. ಮರುವರ್ಷ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯರ ಬಂಡಾಯ. ಭೀಮರಾಯರು 1858ರ ಜೂನ್ ಆರಂಭದಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದರು, ಬಾಬಾಸಾಹೇಬರನ್ನು ಅದೇ ತಿಂಗಳು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. 1878ರ ಶಸ್ತ್ರಾಸ್ತ್ರ ಕಾಯಿದೆ ಈ ನಿರ್ಬಂಧವನ್ನು ಖಾಯಂ ಮಾಡಿತು.

ಇಲ್ಲಿ ಸಂಶೋಧಕರು ಗಮನಿಸಬೇಕಾದ ಒಂದು ಅಂಶವಿದೆ. ಗದಗ ನೇರವಾಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಒಂದು ದಿನದ ಕಾಲ್ನಡಿಗೆಯೊಳಗೆ ಮೂರು ಆಡಳಿತಗಳು. ಆಡಳಿತ ಬೇರೆಯಾದರೂ ಮನೆಯ ಆಚರಣೆ ಒಂದೇ ಆಗಿತ್ತು, ದೊಡ್ಡ ಹತಾರು ಹಿಂದೆ ಸರಿದ ಕಡೆ ಅದರ ಕೆಲಸವನ್ನು ಆಚರಣೆಯಲ್ಲಿ ಸಣ್ಣ ಅಲಗು ವಹಿಸಿಕೊಂಡಿತು. ಅರಿಶಿನ ಹಚ್ಚಿದ ಗಳಿಗೆಯಿಂದ ಮದುಮಗ ಕೈಯಲ್ಲಿ ಹಿಡಿಯುವ ಬಾಕು, ಅದರ ಮೊನೆಗೆ ಚುಚ್ಚಿದ ಲಿಂಬೆಹಣ್ಣು. ಬಾಣಂತಿಯ ತಲೆದಿಂಬಿನ ಕೆಳಗೆ, ಕೂಸಿನ ತೊಟ್ಟಿಲಲ್ಲಿ ಇಡುವ ಕಬ್ಬಿಣ. ವೀರಭದ್ರನ ಗುಗ್ಗಳದ ಮೆರವಣಿಗೆಯಲ್ಲಿ ಒಡಪು ಹೇಳುತ್ತ ಪುರವಂತರು ಗಲ್ಲಕ್ಕೆ ಧರಿಸುವ ಶಸ್ತ್ರ. ಮಹಾನವಮಿಯಲ್ಲಿ ಕುರ್ಚಿಗಿ, ಕುಡುಗೋಲುಗಳ ಸಾಲಿನಲ್ಲಿ ಕುಂಕುಮ ಹಚ್ಚಿಸಿಕೊಳ್ಳುವ ಚಾಕು. ಇವು ಯಾವ ಅಧಿಕಾರಿಯ ಪಟ್ಟಿಗೂ ಸೇರದೆ ಮನೆಯಲ್ಲಿ ಉಳಿದವು. ಪಟ್ಟಿಗೆ ಸೇರದ ಕಾರಣದಿಂದಲೇ ಇವುಗಳ ಬಗ್ಗೆ ಬರಹದ ದಾಖಲೆಯೂ ಉಳಿಯಲಿಲ್ಲ.

ಅಡಕೊತ್ತು

ಬಯಲುಸೀಮೆಯ ಕಿರುಗತ್ತಿಗಳಲ್ಲಿ ಹೆಚ್ಚು ಉಳಿದಿರುವುದು, ಕುಸುರಿ ಕಂಡಿರುವುದು ಅಡಕೊತ್ತು. ತಾಂಬೂಲದ ಪರಂಪರೆ ಇಲ್ಲಿ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ತಾಂಬೂಲವನ್ನು ಅರಸನ ಭೋಗಗಳಲ್ಲಿ ಒಂದೆಂದು ವಿವರಿಸುತ್ತದೆ. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣ ಬಸವಣ್ಣನವರ ತಾಂಬೂಲದ ಚೀಲವನ್ನು ಕಾಯುವ ಕಾಯಕದವರು.

ಹಳೆಯ ಅಡಕೊತ್ತೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಬದುಕು ಓದಲು ಸಿಗುತ್ತದೆ. ಎರಡು ತೋಳುಗಳು ಒಂದು ತುದಿಯಲ್ಲಿ ಒಂದೇ ಮೊಳೆಗೆ ಸೇರಿರುತ್ತವೆ. ಕೆಳಗಿನ ತೋಳು ಅಡಿಕೆಗೆ ಆಸರೆ, ಮೇಲಿನ ತೋಳಿನಲ್ಲಿ ಅಲಗು. ಮೈ ಹಿತ್ತಾಳೆಯದಾದರೆ ಅಲಗಿನ ಜಾಗದಲ್ಲಿ ಉಕ್ಕಿನ ಪಟ್ಟಿಯನ್ನು ಕೂರಿಸಿರುತ್ತಾರೆ. ಮೊಳೆಯ ಮೇಲ್ಭಾಗದಲ್ಲಿ ಗಿಳಿ, ನವಿಲು, ಕುದುರೆ ಅಥವಾ ದಂಪತಿಯ ಆಕೃತಿ. ಕೆಲವಕ್ಕೆ ಸಣ್ಣ ಗೆಜ್ಜೆ, ಕತ್ತರಿಸುವಾಗ ಅದು ದನಿ ಮಾಡುತ್ತದೆ. ತಲೆಮಾರುಗಟ್ಟಲೆ ಬಳಸಿದ ಅಡಕೊತ್ತಿನ ಅಲಗು ಸಾಣೆ ಕಂಡು ಕಂಡು ನಡುವೆ ಒಳಬಾಗಿರುತ್ತದೆ. ಅಂಗೈ ಒತ್ತುವ ಕಡೆ ಕೆತ್ತನೆ ಅಳಿಸಿ ನುಣ್ಣಗಾಗಿರುತ್ತದೆ. ಸಡಿಲಾದ ಮೊಳೆಯನ್ನು ಬದಲಿಸಿದ ಗುರುತು ಇರುತ್ತದೆ. ಪೇಟೆಯಲ್ಲಿ ಹಳೆಯದೆಂದು ಮಾರುವ ಹೊಸ ಮಾಲಿನಲ್ಲಿ ಈ ಯಾವ ಗುರುತೂ ಸರಿಯಾದ ಜಾಗದಲ್ಲಿರುವುದಿಲ್ಲ. ಆಮ್ಲ ಹಚ್ಚಿ ಕಪ್ಪು ಮಾಡಿದ ಮೈ ಎಲ್ಲ ಕಡೆ ಒಂದೇ ಸಮನಾಗಿರುತ್ತದೆ, ಎರಕದ ಅಂಚು ಬೆರಳಿಗೆ ಚುಚ್ಚುತ್ತದೆ, ಎರಡು ತೋಳು ಸೇರಿದಾಗ ಅಲಗು ಕೆಳಗಿನ ತೋಳಿಗೆ ಸರಿಯಾಗಿ ಕೂರುವುದಿಲ್ಲ. ಅಡಿಕೆ ಕತ್ತರಿಸಲಾರದ ಅಡಕೊತ್ತು ಎಷ್ಟು ಅಂದವಾಗಿದ್ದರೂ ಹಳೆಯದಲ್ಲ.

ಗುಜರಾತಿನ ಜಾಮನಗರದ ಅಡಕೊತ್ತುಗಳಿಗೆ ದೇಶದಾದ್ಯಂತ ಹೆಸರಿದೆ. ಹೀಗಾಗಿ ಗದಗದ ಮನೆಯೊಂದರಲ್ಲಿ ಸಿಕ್ಕ ಮಾತ್ರಕ್ಕೆ ಒಂದು ಅಡಕೊತ್ತು ಇಲ್ಲಿಯೇ ತಯಾರಾದದ್ದೆಂದು ತೀರ್ಮಾನಿಸಲಾಗದು. ಯಾತ್ರೆ, ಜಾತ್ರೆ, ಹತ್ತಿ ವ್ಯಾಪಾರ, ಬೀಗತನ ಎಲ್ಲವೂ ಇಂಥ ವಸ್ತುಗಳನ್ನು ಊರಿಂದೂರಿಗೆ ಒಯ್ದಿವೆ.

ಕೊಡಗಿನ ಪೀಚೆ ಕತ್ತಿ

ಕೊಡಗಿನ ಕಥೆ ಬೇರೆ ದಾರಿ ಹಿಡಿಯಿತು. 1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ಕೊಡಗು ಕಂಪನಿಯ ವಶವಾದರೂ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶ ಕೊಡವರನ್ನು ಆಯುಧ ಕಾನೂನಿನಿಂದ ಹೊರಗಿಟ್ಟಿತು. ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಉಳ್ಳವರಿಗೂ ಇರುವ ಈ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದ್ದರಿಂದ ಅಲ್ಲಿ ಕೋವಿ, ಒಡಿಕತ್ತಿ, ಪೀಚೆ ಕತ್ತಿ ಮೂರೂ ಒಟ್ಟಿಗೆ ಉಳಿದವು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಅವಕ್ಕೆ ಪೂಜೆ ಸಲ್ಲುತ್ತದೆ.

ಬಾಗಿದ ಅಗಲ ಅಲಗಿನ ಒಡಿಕತ್ತಿ ಬೆನ್ನ ಹಿಂದಿನ ತೊಡಂಗ್ ಎಂಬ ಕೊಕ್ಕೆಯಲ್ಲಿ ನಿಂತರೆ, ಪೀಚೆ ಕತ್ತಿ ಕುಪ್ಯವೆಂಬ ನಿಲುವಂಗಿಯ ಮೇಲೆ ಸುತ್ತಿದ ಚೇಲೆಯೆಂಬ ಕೆಂಪು ನಡುಪಟ್ಟಿಯಲ್ಲಿ ಎದುರಿಗೆ ಕಾಣುವಂತೆ ಸಿಕ್ಕಿಕೊಳ್ಳುತ್ತದೆ. ಅಲಗು ನೇರ, ದಪ್ಪ ಬೆನ್ನಿನದು, ಒಂದೇ ಕಡೆ ಹರಿತ. ಹಿಡಿಯ ತುದಿ ಗಿಳಿಯ ತಲೆಯಂತೆ ಬಾಗಿದ್ದು, ಉಳ್ಳವರ ಕತ್ತಿಯಲ್ಲಿ ಗಿಳಿಯ ಕಣ್ಣಿಗೆ ಕೆಂಪು ಹರಳು ಕೂರಿಸಿರುತ್ತಾರೆ. ಮರದ ಒರೆಗೆ ಬೆಳ್ಳಿಯ ಪಟ್ಟಿ. ಒರೆಯಿಂದ ಇಳಿಬಿದ್ದ ಬೆಳ್ಳಿಯ ಸರಪಳಿಯಲ್ಲಿ ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಚಿಮಟ, ಉಗುರು ಶುಚಿ ಮಾಡುವ ಮೊನೆ. ಆಯುಧ, ಆಭರಣ, ದಿನಬಳಕೆಯ ಸಾಮಾನು ಮೂರೂ ಒಂದೇ ವಸ್ತುವಿನಲ್ಲಿ ಕೂಡಿರುವುದು ಇಲ್ಲಿನ ವಿಶೇಷ. ಕೇರಳದ ಪಿಚ್ಚಾತ್ತಿಯೊಂದಿಗೆ ಇದಕ್ಕೆ ಹತ್ತಿರದ ನಂಟಿದೆ. ಅಲ್ಲಿ ಓಲೆಗರಿ ಬರೆಯುವ ಕಂಠ ಮತ್ತು ಕತ್ತಿ ಒಂದೇ ಒರೆಯಲ್ಲಿ ಜೋಡಿಯಾಗಿರುತ್ತವೆ. ದಕ್ಷಿಣ ಭಾರತದ ಬೇರೆಡೆಯ ಕಂಠಗಳಲ್ಲೂ ಒಂದು ತುದಿ ಬರೆಯುವ ಮೊನೆ, ಮತ್ತೊಂದು ತುದಿ ಗರಿಯ ಅಂಚು ಕತ್ತರಿಸುವ ಅಲಗು.

ಸಂಗ್ರಹದ ಚರಿತ್ರೆ

ಭಾರತದ ಆಯುಧಗಳನ್ನು ವರ್ಗೀಕರಿಸಿದ ಮೊದಲ ದೊಡ್ಡ ಕೈಪಿಡಿ ವಿಲ್ಬ್ರಹಾಮ್ ಎಗರ್ಟನ್ 1880ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ್ದು. ಅದರಲ್ಲಿ ಕೊಡಗಿನ ಕತ್ತಿಗಳಿಗೆ ಸ್ಥಾನವಿದೆ. 1934ರಲ್ಲಿ ಅಮೆರಿಕದ ಜಾರ್ಜ್ ಕ್ಯಾಮೆರಾನ್ ಸ್ಟೋನ್ ಸಿದ್ಧಪಡಿಸಿದ ಆಯುಧಕೋಶ ಪೀಚೆ ಕತ್ತಿಯನ್ನು ಜಗತ್ತಿನ ಸಂಗ್ರಾಹಕರಿಗೆ ಪರಿಚಯಿಸಿತು. ಇತ್ತ 19ನೇ ಶತಮಾನದಲ್ಲೇ ದಕ್ಷಿಣದ ದೊಡ್ಡ ಆಯುಧಶಾಲೆಗಳು ಕರಗಿಹೋಗಿದ್ದವು. ತಂಜಾವೂರು ಅರಮನೆಯ ಆಯುಧಗಳಲ್ಲಿ ಬಹುಪಾಲನ್ನು ವಸಾಹತು ಆಡಳಿತ ಗುಜರಿಗೆ ಹಾಕಿತು. ಆರಿಸಿ ಉಳಿಸಿದವು ಮದರಾಸಿನ ಸಂಗ್ರಹಾಲಯ ಸೇರಿದವು. ಅವುಗಳ ಆಧಾರದ ಮೇಲೆ ರಾಬರ್ಟ್ ಎಲ್‌ಗುಡ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ವಿಜಯನಗರ ಕಾಲದ ಕಠಾರಿಗಳನ್ನು ಗುರುತಿಸಲು ದಾರಿ ತೋರಿತು.

ಅಡಕೊತ್ತುಗಳಿಗೆ ಸಂಗ್ರಾಹಕರು ಸಿಕ್ಕಿದ್ದು ಬೇರೆ ಬಗೆಯಲ್ಲಿ. ಪುಣೆಯ ದಿನಕರ ಕೇಳಕರ ಸುಮಾರು 1920ರಿಂದ ಊರೂರು ತಿರುಗಿ ದೀಪ, ಬೀಗ, ಅಡಕೊತ್ತು, ಪಾತ್ರೆಗಳನ್ನು ಕೂಡಿಸಿದರು. ತೀರಿಹೋದ ಮಗ ರಾಜಾನ ಹೆಸರಿನ ಆ ಸಂಗ್ರಹಾಲಯವನ್ನು 1975ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಗಣಿತಜ್ಞ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಕೂಡಿಸಿದ ಅಡಕೊತ್ತುಗಳ ಬಗ್ಗೆ ಹೆನ್ರಿ ಬ್ರೌನ್‌ರಿಗ್ ಬರೆದ ಪುಸ್ತಕ ಈ ವಿಷಯದ ಮುಖ್ಯ ಆಕರ. ನಮ್ಮಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ, ಮಡಿಕೇರಿ ಕೋಟೆಯ ಸರಕಾರಿ ವಸ್ತುಸಂಗ್ರಹಾಲಯ ಈ ಕೆಲಸವನ್ನು ನಡೆಸಿಕೊಂಡು ಬಂದಿವೆ.

ಕಾನೂನು ಮತ್ತು ಸಂರಕ್ಷಣೆ

ಇಂದು ಸಂಗ್ರಹಿಸುವವರು ಮೂರು ಕಾನೂನು ತಿಳಿದಿರಬೇಕು. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು; ಪರವಾನಗಿ ಇಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧವೆಂದು ಎಣಿಸುತ್ತವೆ, ಮನೆ ಮತ್ತು ಬೇಸಾಯದ ಉಪಕರಣಗಳನ್ನು ಬಿಡುತ್ತವೆ. ಆನೆದಂತದ ಹಿಡಿಯ ಕತ್ತಿ ಎಷ್ಟೇ ಹಳೆಯದಿರಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದರ ಮಾರಾಟ ಅಪರಾಧ.

ಕಾಪಾಡುವ ಕ್ರಮವೂ ಸರಳ. ಹುಣಸೆಹಣ್ಣು, ಉಪ್ಪುಕಾಗದ ಹಾಕಿ ತಿಕ್ಕಬಾರದು. ಹೊಳಪು ಬರುವಷ್ಟರಲ್ಲಿ ಕೆತ್ತನೆ, ಉಕ್ಕಿನ ಗೆರೆ, ಕಮ್ಮಾರನ ಗುರುತು ಎಲ್ಲ ಹೋಗುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ ಅಲಗಿಗೆ ತೆಳ್ಳಗೆ ಮಶೀನ್ ಎಣ್ಣೆ ಸವರಿದರೆ ಸಾಕು. ಚರ್ಮದ ಒರೆಯಲ್ಲೇ ವರ್ಷಗಟ್ಟಲೆ ಬಿಟ್ಟರೆ ಹದ ಮಾಡಿದ ಚರ್ಮದ ಆಮ್ಲ ಅಲಗನ್ನು ತಿನ್ನುತ್ತದೆ. ಒರೆ ಮತ್ತು ಅಲಗನ್ನು ಬೇರೆ ಮಾಡಿ, ಆದರೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಕು.

ತೀರ್ಮಾನ

ಕಾನೂನಿನ ವಿನಾಯಿತಿ ಸಿಕ್ಕ ಕೊಡಗಿನಲ್ಲಿ ಕಿರುಗತ್ತಿ ಉಡುಪಿನ ಭಾಗವಾಗಿ, ಗುರುತಾಗಿ ಉಳಿಯಿತು, ಹೊರಗಿನವರ ಕಣ್ಣಿಗೂ ಬಿತ್ತು. ಹತಾರು ಕಳೆದುಕೊಂಡ ಬಯಲುಸೀಮೆಯಲ್ಲಿ ಅದು ಮನೆಯೊಳಗಿನ ಆಚರಣೆಗೆ ಸರಿದು ದಾಖಲೆಯಿಂದ ತಪ್ಪಿಸಿಕೊಂಡಿತು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಮಹತ್ವದ್ದಲ್ಲ. ಅದನ್ನು ಓದಲು ವಸ್ತುವಿನ ಜತೆ ಊರು, ಮನೆತನ, ಬಳಕೆ, ಸಿಕ್ಕ ಸಂದರ್ಭ ಬರೆದಿಟ್ಟಿರಬೇಕು. ಈ ವಿವರವಿಲ್ಲದ ಸಾವಿರ ಅಡಕೊತ್ತುಗಳ ಸಂಗ್ರಹಕ್ಕಿಂತ, ವಿವರವಿರುವ ಹತ್ತು ಅಡಕೊತ್ತುಗಳು ಚರಿತ್ರೆಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಮೂರೂ ಈ ಸೀಮೆಗೆ ಹತ್ತಿರದಲ್ಲಿವೆ. ಮಲ್ಲಸಮುದ್ರ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಲ್ಲಿ ಉಳಿದಿರುವ ಕಿರುಗತ್ತಿಗಳ ಸಮೀಕ್ಷೆಯನ್ನು ಈ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು. ವಸ್ತು ಮನೆಯವರ ಬಳಿಯೇ ಇರಲಿ, ಅದರ ಚಿತ್ರ, ಅಳತೆ, ಹಿರಿಯರು ಹೇಳುವ ಮಾತು ದಾಖಲೆಗೆ ಬರಲಿ. ಅಜ್ಜಿಯ ಅಡಕೊತ್ತನ್ನು ಗುಜರಿಗೆ ಹಾಕುವ ಮೊದಲು ಅದು ಯಾರದು, ಎಲ್ಲಿಂದ ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿಡಿ ಎಂದು ಓದುಗರಲ್ಲಿ ನನ್ನ ವಿನಂತಿ.